ಕರುಳಿಗೆ ಹಿಡಿಸಿದ ಸೂಜಿ, ಅಂಗಾಲಲ್ಲಿ ಕೀವುಗುಳ್ಳೆ: ಔಷಧ ನಿಲ್ಲಿಸಬೇಕೇ?

ಪ್ರಶ್ನೆ: ನನಗೆ 34 ವರ್ಷ, ಬ್ಯಾಡಗಿ ಹತ್ತಿರದ ಹಳ್ಳಿಯವಳು. ಕ್ರೋನ್ಸ್ ಕಾಯಿಲೆಗೆ (ಕರುಳಿನ ದೀರ್ಘಕಾಲದ ಉರಿಯೂತ) ಹುಬ್ಬಳ್ಳಿಯಲ್ಲಿ ತೋರಿಸುತ್ತಿದ್ದೇನೆ. ಎಂಟು ತಿಂಗಳಿಂದ ಅಡಾಲಿಮುಮ್ಯಾಬ್ 40 ಮಿ.ಗ್ರಾಂ. ಸೂಜಿ 14 ದಿನಕ್ಕೊಮ್ಮೆ, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ. ಹೊಟ್ಟೆನೋವು, ಭೇದಿ ನಿಂತಿವೆ, ತೂಕವೂ ಬಂದಿದೆ. ಆದರೆ ಎರಡು ತಿಂಗಳಿಂದ ಅಂಗೈ, ಅಂಗಾಲಲ್ಲಿ ಸಣ್ಣ ಕೀವುಗುಳ್ಳೆ ಎದ್ದು, ಒಣಗಿ ಕಂದು ಚುಕ್ಕೆಯಾಗಿ ಸಿಪ್ಪೆ ಸುಲಿಯುತ್ತಿದೆ. ತಲೆಯಲ್ಲಿ ದಪ್ಪ ಹೊಟ್ಟು, ಕೂದಲೂ ಉದುರುತ್ತಿದೆ. ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುವುದರಿಂದ ಹೀಗಾಗಿದೆ ಅನ್ನುತ್ತಾರೆ ಮನೆಯವರು. ಔಷಧ ಅಂಗಡಿಯಲ್ಲಿ ಗಜಕರ್ಣ ಅಂತ ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ಕಡಿಮೆಯಾಗುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಸೂಜಿಯಿಂದಲೇ ಆಗಿದ್ದರೆ ನಿಲ್ಲಿಸಿಬಿಡಲೇ?

ಉತ್ತರ: ನೀವಾಗಿ ಸೂಜಿ ನಿಲ್ಲಿಸಬೇಡಿ. ನಿಲ್ಲಿಸಬೇಕಾದದ್ದು ಆ ಟ್ಯೂಬನ್ನು.

ನೀವು ಹೇಳಿರುವ ಲಕ್ಷಣಗಳೆಲ್ಲ ಟಿಎನ್‌ಎಫ್ ತಡೆಯುವ ಔಷಧಗಳಿಂದ ಬರುವ ಸೋರಿಯಾಸಿಸ್‌ಗೆ ಚೆನ್ನಾಗಿ ಹೊಂದುತ್ತವೆ. ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಎರಡೂ ಈ ಗುಂಪಿನವು. ಸೋಜಿಗವೆಂದರೆ ಸೋರಿಯಾಸಿಸ್ ಇದ್ದವರಿಗೆ ಚರ್ಮವೈದ್ಯರು ಕೊಡುವುದೂ ಇವೇ ಸೂಜಿಗಳನ್ನು. ಟಿಎನ್‌ಎಫ್ ಎಂಬ ಪ್ರೋಟೀನು ಕರುಳಿನಲ್ಲಿ ಉರಿಯೂತ ಹೊತ್ತಿಸುತ್ತದೆ, ನಿಜ. ಆದರೆ ಚರ್ಮದಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ: ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಉರಿಯೂತ ಕೆರಳಿಸುವ ಇಂಟರ್‌ಫೆರಾನ್ ಆಲ್ಫಾವನ್ನು ಮಿತಿಮೀರಿ ಸುರಿಸದಂತೆ ಹಿಡಿದಿಡುವುದು. ಸೂಜಿ ಟಿಎನ್‌ಎಫ್ ಅನ್ನು ಕಟ್ಟಿಹಾಕಿದಾಗ ಕೆಲವರಲ್ಲಿ ಈ ಹಿಡಿತ ತಪ್ಪಿ, ಇಂಟರ್‌ಫೆರಾನ್ ಏರಿ, ಅದರ ಬೆನ್ನಿಗೆ ಐಎಲ್-23 ಎಂಬ ಉರಿಯೂತದ ಸಂದೇಶ ಪ್ರೋಟೀನಿನ ದಾರಿಯೂ ಚುರುಕಾಗಿ ಚರ್ಮದಲ್ಲಿ ಸೋರಿಯಾಸಿಸ್ ಏಳುತ್ತದೆ. ಈ ಸೂಜಿ ಪಡೆಯುವ ಕರುಳಿನ ರೋಗಿಗಳಲ್ಲಿ ಸುಮಾರು ನೂರಕ್ಕೆ ಎರಡರಿಂದ ಐದು ಜನರಿಗೆ ಹೀಗಾಗುತ್ತದೆ. ಹೆಂಗಸರಲ್ಲಿ, ಬೀಡಿ-ಸಿಗರೇಟು ಸೇದುವವರಲ್ಲಿ, ಮೈಭಾರ ಹೆಚ್ಚಿದ್ದವರಲ್ಲಿ ತುಸು ಹೆಚ್ಚು. ಮೊದಲ ಸೂಜಿಯಾದ ಕೆಲವೇ ವಾರಗಳಲ್ಲಿ ಬರಬಹುದು, ಎರಡು ವರ್ಷ ಕಳೆದ ಮೇಲೂ ಬರಬಹುದು. ಹಾಗಾಗಿ “ಇಷ್ಟು ದಿನ ಆಗದ್ದು ಈಗ್ಯಾಕೆ” ಎಂಬ ಪ್ರಶ್ನೆಯಿಂದ ಸೂಜಿಯನ್ನು ಆರೋಪದಿಂದ ಬಿಡಿಸಲಾಗದು. ಹೊಟ್ಟೆ ಪೂರ್ತಿ ಶಾಂತವಾಗಿದ್ದಾಗಲೇ ಚರ್ಮ ಕೆಡುವುದೂ ಇದರ ರೂಢಿಯೇ. ಹೊಟ್ಟೆ ಕೆಟ್ಟಾಗ ಬರುವ ಚರ್ಮದ ತೊಂದರೆಗಳು ಬೇರೆ. ಅವುಗಳಿಗೆ ಆಮೇಲೆ ಬರುತ್ತೇನೆ.

ಗುಳ್ಳೆಯೊಳಗಿನ ಕೀವು ನೋಡಿ ನಂಜಾಗಿದೆ ಎಂದು ಆಂಟಿಬಯಾಟಿಕ್ ನುಂಗುವವರು ಬಹಳ. ಅಂಗೈ-ಅಂಗಾಲಿನ ಸೋರಿಯಾಸಿಸ್‌ನ ಕೀವಿನಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಅದು ಬರೀ ಬಿಳಿ ರಕ್ತಕಣಗಳ ರಾಶಿ. ಒಡೆಯದ ಗುಳ್ಳೆಯ ಕೀವನ್ನು ಕಲ್ಚರ್‌ಗೆ ಕಳಿಸಿದರೆ ಏನೂ ಬೆಳೆಯುವುದಿಲ್ಲ.

ಆದರೂ ಸೋರಿಯಾಸಿಸ್ ಎಂದು ಮುದ್ರೆ ಒತ್ತುವ ಮುನ್ನ ನಮ್ಮ ಭಾಗದಲ್ಲಿ ನಾಲ್ಕು ಬೇರೆ ಅನುಮಾನಗಳನ್ನು ತೀರಿಸಿಕೊಳ್ಳಲೇಬೇಕು.

ಮೊದಲು ಮೆಣಸಿನಕಾಯಿ. ತುಂಬು ಬಿಡಿಸುವವರ ಕೈಗೆ ಖಾರದ ಅಂಶವಾದ ಕ್ಯಾಪ್ಸೈಸಿನ್ ತಾಗಿ ಉರಿ, ಕೆಂಪು, ಬಿರುಕು ಬರುವುದು ಸುಗ್ಗಿಯಲ್ಲಿ ಸಾಮಾನ್ಯ. ಆದರೆ ಅದು ತಾಗಿದ ಜಾಗದಲ್ಲೇ, ಹೆಚ್ಚಾಗಿ ಬೆರಳ ತುದಿ ಮತ್ತು ಬೆರಳ ಸಂದಿಯಲ್ಲಿ ಇರುತ್ತದೆ. ಕೆಲಸ ಬಿಟ್ಟ ವಾರದೊಳಗೆ ಇಳಿಯುತ್ತದೆ. ಅಂಗಾಲಿಗೂ ನೆತ್ತಿಗೂ ಮೆಣಸಿನಕಾಯಿ ಹೋಗಿ ಗುಳ್ಳೆ ಎಬ್ಬಿಸದು. ಹಾಗೆಂದು ಮನೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ: ಸೋರಿಯಾಸಿಸ್ ಒಳಗಿದ್ದಾಗ ಚರ್ಮ ಉಜ್ಜಿದ, ಗೀರಿದ, ಉರಿದ ಕಡೆಯೇ ಹೊಸ ಮಚ್ಚೆ ಏಳುತ್ತದೆ. ಮೆಣಸಿನಕಾಯಿ ಇದನ್ನು ತರಲಿಲ್ಲ, ಆದರೆ ಹೆಚ್ಚಿಸುತ್ತಿದೆ.

ಎರಡನೆಯದು ಗಜಕರ್ಣ. ಅದರ ಅಂಚು ಎದ್ದಿರುತ್ತದೆ, ನಡುವೆ ತಿಳಿಯಾಗಿರುತ್ತದೆ, ತೊಡೆಸಂದಿ ಅಥವಾ ಸೊಂಟದ ಸುತ್ತ ಇನ್ನೊಂದು ಮಚ್ಚೆ ಸಿಗುತ್ತದೆ. ಕೈಕಾಲಿಗೆ ಬಂದರೆ ಎರಡು ಕಾಲು, ಒಂದೇ ಕೈ, ಇದು ಫಂಗಸ್‌ನ ಹಳೆಯ ಗುರುತು. ನಿಮ್ಮಂತೆ ಎರಡು ಕೈ, ಎರಡು ಕಾಲು, ತಲೆ ಒಟ್ಟಿಗೆ ಅಂದರೆ ಫಂಗಸ್‌ನ ಸಾಧ್ಯತೆ ಕಡಿಮೆ. ಅನುಮಾನ ಕಳೆಯಲು ಸಿಪ್ಪೆ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಒಎಚ್ ಎಂದು ಕರೆಯುವ ಈ ಪರೀಕ್ಷೆಗೆ ಅಷ್ಟೇನೂ ಹೊತ್ತು ಹಿಡಿಯದು. ಹಿಂದಿನ ಒಂದು ವಾರವಾದರೂ ಫಂಗಸ್ ಮುಲಾಮು ಹಚ್ಚಿರಬಾರದು, ಹಚ್ಚಿದ್ದರೆ ಇದ್ದ ಫಂಗಸ್ಸೂ ಕಾಣುವುದಿಲ್ಲ.

ಮೂರನೆಯದು ಕಜ್ಜಿ. ಬೆರಳ ಸಂದಿಯಲ್ಲಿ ರಾತ್ರಿ ಹೊತ್ತು ತಡೆಯಲಾಗದ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ ಇದನ್ನು ಹುಡುಕಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರಿಗೆ ಕಜ್ಜಿ ದಪ್ಪ ಸಿಪ್ಪೆ ಕಟ್ಟಿ ಥೇಟ್ ಸೋರಿಯಾಸಿಸ್‌ನಂತೆ ಕಾಣುವುದುಂಟು, ತುರಿಕೆ ಮಾತ್ರ ಅಷ್ಟಿರುವುದಿಲ್ಲ. ಅದಕ್ಕೆ ಸ್ಟಿರಾಯ್ಡ್ ಹಚ್ಚಿದರೆ ಮನೆಮಂದಿಗೆಲ್ಲ ಹರಡುತ್ತದೆ.

ನಾಲ್ಕನೆಯದು ಕಾಂಗ್ರೆಸ್ ಕಸ. ಹೊಲದ ಬದುವಿನ ಪಾರ್ಥೇನಿಯಂ ಧೂಳು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಇಸುಬು ಎಬ್ಬಿಸುತ್ತದೆ. ನಿಮ್ಮ ಲಕ್ಷಣ ಅದಲ್ಲ.

ಇನ್ನು ಆ ಟ್ಯೂಬಿನ ವಿಷಯ. ಡಬ್ಬಿಯ ಮೇಲಿನ ಸಣ್ಣಕ್ಷರ ಓದಿ: ಕ್ಲೊಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ಎಂದೋ, ಬೀಟಾಮೆಥಸೋನ್, ಜೆಂಟಾಮೈಸಿನ್, ಮೈಕೊನಜೋಲ್ ಎಂದೋ ಇದ್ದರೆ ಅದು ಮಿಶ್ರ ಮುಲಾಮು. ಹಚ್ಚಿದಾಗ ಕಡಿಮೆಯಾಗುವುದು ಅದರೊಳಗಿನ ಬಲವಾದ ಸ್ಟಿರಾಯ್ಡ್‌ನಿಂದ. ಫಂಗಸ್ ಇದ್ದರೆ ಆ ಸ್ಟಿರಾಯ್ಡ್ ಅದನ್ನು ಮರೆಮಾಚಿ ಒಳಗೊಳಗೇ ಬೆಳೆಸುತ್ತದೆ. ಸೋರಿಯಾಸಿಸ್ ಇದ್ದರೆ ಅರೆಬರೆ ಹಚ್ಚಿ ಥಟ್ಟನೆ ಬಿಟ್ಟಾಗ ಮರುಕಳಿಸಿ ಹೆಚ್ಚಾಗುತ್ತದೆ, ಅದೇ ನಿಮಗೆ ಆಗುತ್ತಿರುವುದು. ಹಚ್ಚುವ ಸ್ಟಿರಾಯ್ಡ್‌ಗಳನ್ನು 2018ರಲ್ಲೇ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದರೂ ಕೌಂಟರಿನ ಮೇಲೆ ಅವು ಪೆಪ್ಪರಮಿಂಟಿನಂತೆ ಸಿಗುತ್ತಿವೆ. ಬಿಟ್ಟ ಮೊದಲ ವಾರ ಗುಳ್ಳೆ ತುಸು ಏರಬಹುದು, ಗಾಬರಿಯಾಗಿ ಮತ್ತೆ ಅದನ್ನೇ ಹಚ್ಚಬೇಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೈಕಾಲು ನೋಡಿ ಅಲರ್ಜಿ ಎಂದು ಡೆಕ್ಸಾಮೆಥಸೋನ್ ಸೂಜಿ ಚುಚ್ಚುವುದು ಅಥವಾ ಐದು ದಿನಕ್ಕೆ ಸ್ಟಿರಾಯ್ಡ್ ಮಾತ್ರೆ ಬರೆಯುವುದು. ಸೋರಿಯಾಸಿಸ್ ಬೇಗ ಇಳಿದಂತೆ ಕಾಣುತ್ತದೆ. ನಿಲ್ಲಿಸಿದ ಮೇಲೆ ಮೈತುಂಬ ಕೀವುಗುಳ್ಳೆಯಾಗಿ, ಜ್ವರದೊಂದಿಗೆ ಮರಳಿದರೆ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ. ನೋವಿಗೆಂದು ಡೈಕ್ಲೊಫಿನ್ಯಾಕ್ ಚುಚ್ಚಿಸಿಕೊಳ್ಳುವುದೂ ಬೇಡ, ಕ್ರೋನ್ಸ್ ಕೆರಳುತ್ತದೆ. ಜ್ವರ-ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಸೋರಿಯಾಸಿಸ್ ಎಂದು ಖಚಿತವಾದರೆ ಬಹುಪಾಲು ಜನರಿಗೆ ಸೂಜಿ ಮುಂದುವರಿಸಿಕೊಂಡೇ ಹಚ್ಚುವ ಔಷಧದಲ್ಲಿ ಹಿಡಿತಕ್ಕೆ ತರಬಹುದು. ಅಂಗೈ-ಅಂಗಾಲಿನ ಚರ್ಮ ದಪ್ಪ, ಅಲ್ಲಿಗೆ ಬಲವಾದದ್ದೇ ಬೇಕು: ಬೇರೇನೂ ಬೆರೆಸದ ಕ್ಲೊಬೆಟಸಾಲ್ 0.05 ಶೇಕಡಾ ಆಯಿಂಟ್‌ಮೆಂಟ್, ದಿನಕ್ಕೆರಡು ಬಾರಿ, ಎರಡರಿಂದ ನಾಲ್ಕು ವಾರ. ಕ್ರೀಮಿಗಿಂತ ಆಯಿಂಟ್‌ಮೆಂಟ್ ಒಳಗಿಳಿಯುತ್ತದೆ. ಆಮೇಲೆ ಥಟ್ಟನೆ ನಿಲ್ಲಿಸದೆ ದಿನಕ್ಕೊಮ್ಮೆ, ನಂತರ ವಾರಕ್ಕೆರಡು ದಿನ ಎಂದು ಇಳಿಸುತ್ತ, ಉಳಿದ ದಿನಗಳಲ್ಲಿ ಕ್ಯಾಲ್ಸಿಪೊಟ್ರಿಯಾಲ್ ಎಂಬ ವಿಟಮಿನ್ ಡಿ ಬಗೆಯ ಮುಲಾಮು ಹಚ್ಚುವುದು. ದಪ್ಪ ಸಿಪ್ಪೆಯಿದ್ದರೆ ಮೊದಲ ವಾರ ರಾತ್ರಿ 6 ಶೇಕಡಾ ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಮುಲಾಮು ಸೇರಿಸಿ ಸಿಪ್ಪೆ ಇಳಿಸಬೇಕು, ಇಲ್ಲದಿದ್ದರೆ ಮೇಲಿನ ಔಷಧ ಸಿಪ್ಪೆಯಲ್ಲೇ ಉಳಿಯುತ್ತದೆ. ಸ್ಯಾಲಿಸಿಲಿಕ್ ಮತ್ತು ಕ್ಯಾಲ್ಸಿಪೊಟ್ರಿಯಾಲ್ ಒಂದೇ ಹೊತ್ತಿಗೆ ಬೇಡ: ಆ್ಯಸಿಡ್ ತಾಗಿದರೆ ಕ್ಯಾಲ್ಸಿಪೊಟ್ರಿಯಾಲ್ ಕೆಲಸ ಕಳೆದುಕೊಳ್ಳುತ್ತದೆ.

ಎಷ್ಟು ಹಚ್ಚಬೇಕು ಎಂಬುದರಲ್ಲೇ ಅರ್ಧ ಚಿಕಿತ್ಸೆ ಸೋಲುತ್ತದೆ. ಟ್ಯೂಬಿನಿಂದ ತೋರುಬೆರಳ ತುದಿಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಅಂಗೈಗೆ ಅಷ್ಟು, ಎರಡು ಅಂಗಾಲಿಗೆ ಅದರ ಎರಡರಷ್ಟು. ಅಂದರೆ ಒಂದು ಹೊತ್ತಿಗೆ ಒಂದೂವರೆ ಗ್ರಾಂ, ದಿನಕ್ಕೆ ಮೂರು. 30 ಗ್ರಾಂ ಟ್ಯೂಬ್ ಸುಮಾರು ಹತ್ತು ದಿನಕ್ಕೆ ಮುಗಿಯಬೇಕು. ಒಂದೇ ಟ್ಯೂಬ್ ಎರಡು ತಿಂಗಳು ಬಂತು ಎಂದರೆ ಔಷಧ ಫಲಿಸಲಿಲ್ಲ ಎನ್ನುವಂತಿಲ್ಲ, ಹಚ್ಚಲೇ ಇಲ್ಲ. ರಾತ್ರಿ ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ, ಕೈಚೀಲ ಹಾಕಿ ಮಲಗಿ. ಹಗಲು ಕೈ ತೊಳೆದಾಗಲೆಲ್ಲ ಬಿಳಿ ವ್ಯಾಸಲೀನು. ಇದೇ ಕ್ಲೊಬೆಟಸಾಲ್ ಅನ್ನು ಮುಖಕ್ಕೆ, ಕಂಕುಳಿಗೆ, ಸ್ತನದಡಿಗೆ, ತೊಡೆಸಂದಿಗೆ ಒಯ್ಯಬೇಡಿ. ಅಲ್ಲಿ ಚರ್ಮ ತೆಳುವಾಗಿ ಸೀಳುಗೆರೆ ಬೀಳುತ್ತದೆ. ಅಲ್ಲಿಗೆ ಟ್ಯಾಕ್ರೊಲಿಮಸ್ ಮುಲಾಮು ಅಥವಾ ಹೈಡ್ರೊಕಾರ್ಟಿಸೋನ್ 1 ಶೇಕಡಾ.

ತಲೆಗೆ ಮುಲಾಮು ಜಿಗುಟು, ಹಾಗಾಗಿ ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಲೋಷನ್. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಅಥವಾ ಸ್ಯಾಲಿಸಿಲಿಕ್ ಲೋಷನ್ ಹಚ್ಚಿ ಹೊಟ್ಟು ಮೆತ್ತಗಾಗಿಸಿ, ಬೆಳಿಗ್ಗೆ ಕೋಲ್‌ಟಾರ್ ಶಾಂಪೂವಿನಿಂದ ತೊಳೆದು, ಒಣಗಿದ ನೆತ್ತಿಗೆ ಲೋಷನ್ ಹನಿ ಬಿಡಬೇಕು. ಕೂದಲಿಗಲ್ಲ, ಬೈತಲೆ ತೆಗೆದು ನೆತ್ತಿಯ ಚರ್ಮಕ್ಕೆ. ಹೊಟ್ಟನ್ನು ಬಾಚಣಿಗೆಯಿಂದ ಕೆರೆದು ಕೀಳಬೇಡಿ. ಈ ಬಗೆಯಲ್ಲಿ ಉದುರಿದ ಕೂದಲು ಬೇಗ ಚಿಕಿತ್ಸೆಯಾದರೆ ಬಹುತೇಕ ಮರಳಿ ಬರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಕೆಲವರಲ್ಲಿ ಕಲೆಗಟ್ಟಿ ಶಾಶ್ವತ ಬೋಳಾಗುವುದುಂಟು.

ಕೂದಲ ಮಾತು ಬಂದಿತಾದ್ದರಿಂದ ಅಜಥಯೋಪ್ರಿನ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಶುರುಮಾಡಿದ ಕೆಲವೇ ವಾರಗಳಲ್ಲಿ ಕೂದಲು ಹಿಡಿಹಿಡಿಯಾಗಿ ಉದುರಿದರೆ ಅದು ಚರ್ಮದ ಕಾಯಿಲೆಯಲ್ಲ, ರಕ್ತದ ಅಪಾಯಸೂಚನೆ. ನುಡ್‌ಟಿ-15 ಎಂಬ ಜೀನ್‌ನಲ್ಲಿ ವ್ಯತ್ಯಾಸವಿದ್ದವರಿಗೆ ಈ ಮಾತ್ರೆ ಬಿಳಿ ರಕ್ತಕಣಗಳನ್ನು ನೆಲಕಚ್ಚಿಸುತ್ತದೆ, ಏಷ್ಯಾದವರಲ್ಲಿ ಈ ವ್ಯತ್ಯಾಸ ಪಾಶ್ಚಾತ್ಯರಿಗಿಂತ ಹೆಚ್ಚು. ಅಂಥವರು ಅದೇ ದಿನ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ ವೈದ್ಯರಿಗೆ ಹೇಳಬೇಕು. ನಿಮ್ಮ ಕೂದಲು ಹೊಟ್ಟು ಕಟ್ಟಿದ ಜಾಗದಲ್ಲಷ್ಟೇ ಉದುರುತ್ತಿದ್ದರೆ ಕಾರಣ ಸೋರಿಯಾಸಿಸ್. ಆದರೂ ಈ ಬಾರಿ ಸಿಬಿಸಿ ಮಾಡಿಸದೆ ಬಿಡಬೇಡಿ.

ಸೂಜಿ ಬದಲಿಸುವ ಪ್ರಶ್ನೆ ಯಾವಾಗ? ನಿಮ್ಮದೇ ಅಂಗೈ, ಬೆರಳು ಸೇರಿಸಿ, ಮೈಚರ್ಮದ ಸುಮಾರು ಶೇಕಡಾ ಒಂದರಷ್ಟು. ಮಚ್ಚೆಗಳೆಲ್ಲ ಸೇರಿ ಐದು ಅಂಗೈ ಮೀರಿದರೆ, ಅಂಗಾಲು ಬಿರಿದು ನಡೆಯಲಾಗದಿದ್ದರೆ, ಕೂದಲು ವೇಗವಾಗಿ ಹೋಗುತ್ತಿದ್ದರೆ, ಸರಿಯಾಗಿ ಹಚ್ಚಿದ ಎಂಟು-ಹತ್ತು ವಾರಗಳಲ್ಲೂ ಬಗ್ಗದಿದ್ದರೆ ಹೊಟ್ಟೆಯ ವೈದ್ಯರು ಮತ್ತು ಚರ್ಮವೈದ್ಯರು ಮಾತಾಡಿಕೊಂಡು ನಿರ್ಧರಿಸಬೇಕು. ನಡುವಿನ ಒಂದು ಮೆಟ್ಟಿಲು ಮೆಥೊಟ್ರೆಕ್ಸೇಟ್: ಅಜಥಯೋಪ್ರಿನ್ ಬದಲು ಅದನ್ನು ಕೊಟ್ಟರೆ ಚರ್ಮಕ್ಕೂ ಕ್ರೋನ್ಸ್‌ಗೂ ನೆರವು. ಅದು ವಾರಕ್ಕೆ ಒಂದೇ ದಿನದ ಔಷಧ, ದಿನಾ ನುಂಗಿದರೆ ಪ್ರಾಣಾಪಾಯ. ಬಸಿರಾಗುವ ಯೋಚನೆ ಇದ್ದರೆ ಕೂಡದು. ಅಸಿಟ್ರೆಟಿನ್ ಎಂಬ ಸೋರಿಯಾಸಿಸ್ ಮಾತ್ರೆಯಂತೂ ನಿಮ್ಮ ವಯಸ್ಸಿನವರಿಗೆ ಬೇಡವೇ ಬೇಡ, ನಿಲ್ಲಿಸಿದ ಮೂರು ವರ್ಷದವರೆಗೂ ಬಸಿರಾಗುವಂತಿಲ್ಲ. ಬೆಳಕಿನ ಚಿಕಿತ್ಸೆ ಸೂಚಿಸಿದರೆ ಅಜಥಯೋಪ್ರಿನ್ ನುಂಗುತ್ತಿರುವುದನ್ನು ಹೇಳಿ. ಆ ಮಾತ್ರೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ, ಚರ್ಮದ ಕ್ಯಾನ್ಸರ್ ಸಾಧ್ಯತೆಯನ್ನೂ ಏರಿಸುತ್ತದೆ.

ಅಡಾಲಿಮುಮ್ಯಾಬ್‌ನಿಂದ ಇನ್‌ಫ್ಲಿಕ್ಸಿಮ್ಯಾಬ್‌ಗೆ ಬದಲಿಸಿದರೆ ಹೆಚ್ಚು ಉಪಯೋಗವಿಲ್ಲ. ಒಂದೇ ಗುಂಪಿನವಾದ್ದರಿಂದ ಅನೇಕರಲ್ಲಿ ಗುಳ್ಳೆ ಮರಳುತ್ತದೆ. ಉಸ್ಟೆಕಿನುಮ್ಯಾಬ್ ಬೇರೆ ದಾರಿಯದು. ಐಎಲ್-12 ಮತ್ತು 23ನ್ನು ತಡೆಯುವುದರಿಂದ ಕರುಳಿಗೂ ಸೋರಿಯಾಸಿಸ್‌ಗೂ ಕೆಲಸ ಮಾಡುತ್ತದೆ. ಮೊದಲ ಡೋಸ್ ತೂಕ ನೋಡಿ ಡ್ರಿಪ್‌ನಲ್ಲಿ (55 ಕೆ.ಜಿ.ವರೆಗೆ 260 ಮಿ.ಗ್ರಾಂ., 85 ಕೆ.ಜಿ.ವರೆಗೆ 390, ಅದಕ್ಕಿಂತ ಹೆಚ್ಚಿದ್ದರೆ 520), ಆಮೇಲೆ 8 ಅಥವಾ 12 ವಾರಕ್ಕೊಮ್ಮೆ 90 ಮಿ.ಗ್ರಾಂ. ಚರ್ಮದಡಿಗೆ. ವೆಡೊಲಿಜುಮ್ಯಾಬ್ ಕರುಳಿನಲ್ಲಷ್ಟೇ ಕೆಲಸ ಮಾಡುವಂಥದ್ದು, ಚರ್ಮಕ್ಕೆ ನೇರ ನೆರವಿಲ್ಲ, ಫಲ ಕಾಣಲು ನಿಧಾನ. ಒಂದು ಹೆಸರನ್ನು ಮಾತ್ರ ನೆನಪಿಡಿ: ಸೆಕುಕಿನುಮ್ಯಾಬ್. ಸೋರಿಯಾಸಿಸ್‌ಗೆ ಒಳ್ಳೆಯ ಸೂಜಿ, ಆದರೆ ಕ್ರೋನ್ಸ್ ರೋಗಿಗಳಲ್ಲಿ ಪ್ರಯೋಗಿಸಿದಾಗ ಕಾಯಿಲೆಗೆ ನೆರವಾಗಲಿಲ್ಲ, ಕೆಲವರಲ್ಲಿ ಉಲ್ಬಣಿಸಿತು. ಹೊಟ್ಟೆಯ ಕಾಯಿಲೆ ಹೇಳದೆ ಬರೀ ಕೈಕಾಲು ತೋರಿಸಿದರೆ ಯಾರಾದರೂ ಅದನ್ನು ಬರೆದಾರು.

ನೀವಾಗಿ ನಿಲ್ಲಿಸಬೇಡಿ ಎಂದದ್ದಕ್ಕೆ ಕ್ರೋನ್ಸ್ ಮರಳುತ್ತದೆ ಎಂಬುದು ಒಂದು ಕಾರಣ. ಅಷ್ಟೇ ದೊಡ್ಡ ಕಾರಣ ಇನ್ನೊಂದು: ನಾಲ್ಕಾರು ತಿಂಗಳು ಬಿಟ್ಟು ಮತ್ತೆ ಶುರುಮಾಡುವಷ್ಟರಲ್ಲಿ ದೇಹ ಆ ಔಷಧದ ವಿರುದ್ಧವೇ ಪ್ರತಿಕಾಯ ಕಟ್ಟಿಕೊಂಡಿರಬಹುದು. ಆಗ ಸೂಜಿ ನಾಟುವುದಿಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಆದರೆ ಡ್ರಿಪ್ ಹಾಕಿದ ಕೂಡಲೇ ಪಿತ್ತಗಂಧೆ, ಉಬ್ಬಸ, ಬಿಪಿ ಕುಸಿತ ಬರಬಹುದು. ಡ್ರಿಪ್ ಆದ ಮೂರರಿಂದ ಹನ್ನೆರಡು ದಿನಗಳಲ್ಲಿ ಜ್ವರ, ಕೀಲುನೋವು, ದದ್ದು ಬಂದರೆ ಅದೂ ಇದೇ ಪ್ರತಿಕ್ರಿಯೆಯ ತಡವಾದ ರೂಪ. ಮುಂದಿನ ಡ್ರಿಪ್‌ಗೆ ಮುನ್ನ ಹೇಳಲೇಬೇಕು.

ಆದರೆ ಸೋಂಕು ಎಂಬ ಅನುಮಾನ ಬಂದಾಗ ಮಾತ್ರ ಡೋಸ್ ತಡೆಹಿಡಿದು ವೈದ್ಯರಿಗೆ ಫೋನ್ ಮಾಡಿ. ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿಯುವ ನೀರುಗುಳ್ಳೆ ಎಂದರೆ ಸರ್ಪಸುತ್ತು. ಕೆಮ್ಮಣ್ಣು ಬಳಿಸಿ, ಮಂತ್ರಿಸಿಕೊಂಡು ದಿನ ಕಳೆಯಬೇಡಿ. ಮೊದಲ 72 ಗಂಟೆಯೊಳಗೆ ಅಸೈಕ್ಲೊವಿರ್ 800 ಮಿ.ಗ್ರಾಂ. ದಿನಕ್ಕೆ ಐದು ಬಾರಿ, 7 ದಿನ (ಕಿಡ್ನಿ ತೊಂದರೆಯಿದ್ದರೆ ಕಡಿಮೆ) ಶುರುವಾಗಬೇಕು. ಕಣ್ಣಿನ ಸುತ್ತ ಬಂದರೆ ಅದೇ ದಿನ ಕಣ್ಣಿನ ವೈದ್ಯರು. ಕಾಲು ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ ಅದು ಚರ್ಮದಡಿಯ ಬ್ಯಾಕ್ಟೀರಿಯಾ ಸೋಂಕಿರಬಹುದು. ಕುತ್ತಿಗೆಯ ಗಂಟು ಒಡೆದು ಸೋರಿದರೆ, ತಿಂಗಳಾದರೂ ಮಾಯದ ಹುಣ್ಣಿದ್ದರೆ ಚರ್ಮದ ಕ್ಷಯ ನೋಡಬೇಕು. ಸೂಜಿಗೆ ಮುನ್ನ ಎಕ್ಸ್‌ರೇ, ಮಾಂಟೂ (ಕ್ಷಯದ ಚರ್ಮಪರೀಕ್ಷೆ) ಸರಿಯಿದ್ದವರಲ್ಲೂ ಕ್ಷಯ ಆಮೇಲೆ ಎದ್ದದ್ದುಂಟು. ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ಕುಷ್ಠವನ್ನೂ ಮರೆಯುವಂತಿಲ್ಲ.

ಹೊಟ್ಟೆಯ ಕಾಯಿಲೆಯದ್ದೇ ಆದ ಚರ್ಮದ ತೊಂದರೆಗಳು ಬೇರೆ ಎಂದೆನಲ್ಲ. ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಎರಿತೀಮಾ ನೋಡೋಸಂ, ಭೇದಿ ಕೆರಳಿದಾಗ ಬರುತ್ತವೆ. ನೇರಳೆ ಅಂಚಿನ, ದಿನದಿಂದ ದಿನಕ್ಕೆ ಅಗಲವಾಗುವ, ಭಾರೀ ನೋವಿನ ಹುಣ್ಣು ಪಯೋಡರ್ಮಾ ಗ್ಯಾಂಗ್ರಿನೋಸಂ. ಕೊಳೆತದ್ದೆಂದು ಅದನ್ನು ಕತ್ತರಿಸಿ ತೆಗೆದರೆ ಇನ್ನಷ್ಟು ದೊಡ್ಡದಾಗುತ್ತದೆ. ಬಾಯಿ, ಗುದ, ಕೈಬೆರಳ ಸುತ್ತ ಕೆಂಪಾಗಿ ಸುಲಿದರೆ ಸತುವಿನ ಕೊರತೆ ನೋಡಿಸಿ, ಬಹುಕಾಲದ ಭೇದಿಯಲ್ಲಿ ಸತು ಸೋರಿಹೋಗುತ್ತದೆ. ಮೊದಲೆರಡಕ್ಕೆ ನಿಮ್ಮ ಸೂಜಿಯೇ ಔಷಧ.

ಸೂಜಿ ಚುಚ್ಚಿದ ಜಾಗದ ಕೆಂಪು, ತುರಿಕೆ ಮೂರ್ನಾಲ್ಕು ದಿನದಲ್ಲಿ ತಾನೇ ಇಳಿಯುವಂಥದ್ದು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು, ಸ್ಪಿರಿಟ್ ಪೂರ್ತಿ ಆರಿದ ಮೇಲೆ, ಹೊಕ್ಕುಳಿಂದ ಎರಡಂಗುಲ ಬಿಟ್ಟು ಅಥವಾ ತೊಡೆಯ ಮುಂಭಾಗಕ್ಕೆ, ಪ್ರತಿ ಸಲ ಜಾಗ ಬದಲಿಸಿ ಚುಚ್ಚಿ. ಸೋರಿಯಾಸಿಸ್ ಮಚ್ಚೆಯ ಮೇಲೆ ಬೇಡ, ಚುಚ್ಚಿದ ಮೇಲೆ ತಿಕ್ಕುವುದೂ ಬೇಡ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರುವಾಗ ಸೂಜಿ ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ.

ಈ ವಾರ ನೀವು ಮಾಡಬೇಕಾದದ್ದು: ಕೈ, ಕಾಲು, ನೆತ್ತಿಯ ಫೋಟೊಗಳನ್ನು ಹಗಲು ಬೆಳಕಿನಲ್ಲಿ ತೆಗೆದು, ಪಕ್ಕದಲ್ಲಿ ಸೂಜಿ ಪಡೆದ ತಾರೀಖುಗಳನ್ನು ಬರೆದಿಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡ ಸತ್ತೂರಿನ ಎಸ್‌ಡಿಎಂ, ಗದಗಿನ ಅಥವಾ ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಯಾವುದು ಅನುಕೂಲವೋ ಅಲ್ಲಿನ ಚರ್ಮ ವಿಭಾಗಕ್ಕೆ ಹೊಟ್ಟೆಯ ಫೈಲು ಮತ್ತು ಅಂಗಡಿಯ ಆ ಟ್ಯೂಬು ಎರಡನ್ನೂ ಒಯ್ಯಿರಿ. ಕೆಒಎಚ್ ಮಾಡಿಸಿ. ಅನುಮಾನ ಉಳಿದರೆ ಮೂರ್ನಾಲ್ಕು ಮಿಲಿಮೀಟರ್ ಚರ್ಮ ತೆಗೆದು ಬಯಾಪ್ಸಿ ಮಾಡುತ್ತಾರೆ. ಸುಗ್ಗಿಯ ಕೆಲಸ ಬಿಡಲಾಗದಿದ್ದರೆ ಒಳಗೆ ಹತ್ತಿಯ, ಮೇಲೆ ನೈಟ್ರೈಲ್ ಕೈಚೀಲ ಹಾಕಿಕೊಳ್ಳಿ. ಬೆವರಿದ ಹತ್ತಿಯದನ್ನು ಮಧ್ಯಾಹ್ನ ಬದಲಿಸಿ. ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ: ಮನೆಗೆ ಬಂದ ಮೇಲೆ ಕೈಗೆ ಅಡುಗೆ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು.